ತಳವಿಲ್ಲದ ಬುಟ್ಟಿ

“ಗಳ್ಯಾತಲಂ ಕಾಢಾ,” ಕೊರಳಲ್ಲಿರುವುದನ್ನು ತೆಗೆ ಎಂದು ರೆಫರಿ ಮರಾಠಿಯಲ್ಲಿ ಹೇಳಿ ವೈಜನಾಥನ ಕೊರಳಿಗೆ ಬೆರಳು ತೋರಿಸಿದ. ಬನಿಯನ್ನಿನೊಳಗೆ ಬೆಳ್ಳಿಯ ಕರಡಿಗೆ ಉಬ್ಬಿ ಕಾಣುತ್ತಿತ್ತು, ಅದರಲ್ಲಿ ಇಷ್ಟಲಿಂಗ. ಅದನ್ನು ತೆಗೆಯದೆ ಅಂಗಳಕ್ಕೆ ಇಳಿಯುವಂತಿಲ್ಲ.

ಔರಂಗಾಬಾದಿನ ಆ ಮೈದಾನದಲ್ಲಿ ಇಳಿಬಿಸಿಲು ಧೂಳಿನೊಳಗೆ ಕರಗಿ, ಆಡುವವರೆಲ್ಲ ನೀರಿನಡಿಯಲ್ಲಿ ಓಡಿದಂತೆ ಕಾಣುತ್ತಿದ್ದರು. ವೈಜನಾಥ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಬಟ್ಟೆ ಅಂಗಡಿಯ ಗುಮಾಸ್ತ. ಅರವತ್ತೊಂಬತ್ತರ ಆ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ನಾಸಿಕದ ತಂಡಕ್ಕಾಗಿ ಹನ್ನೊಂದು ಭಾನುವಾರ ಆಡಿದ್ದ. ಆ ಪಂದ್ಯಗಳ ರೆಫರಿಗಳು ಕರಡಿಗೆಯನ್ನು ಕಂಡೂ ಕಾಣದಂತಿದ್ದರು. ಈ ಪುಣ್ಯಾತ್ಮ ಬಿಡಬೇಕಲ್ಲ! ಕೊನೆಯ ಪಂದ್ಯವಿಡೀ ಅವನನ್ನು ಬೆಂಚಿನ ಮೇಲೆ ಕೂರಿಸಿಬಿಟ್ಟ.

ಅದೂ ಅಪ್ಪ ಗುರುಲಿಂಗಪ್ಪ ಬೀದರಿನಿಂದ ಮೊದಲ ಸಲ ಆಟ ನೋಡಲು ಬಂದ ದಿನ. ಬೆಂಚಿನ ಹಿಂದೆಯೇ ಕೂತು ಮಧ್ಯಾಹ್ನದಿಂದ ನಗುತ್ತಿದ್ದರು. “ಏನ್ ಮಂದಿನೋ ನೀವು! ತಳಾ ಇಲ್ಲದ ಬುಟ್ಟ್ಯಾಗ ಚೆಂಡು ಹಾಕಲಾಕ ಇಷ್ಟು ಹೊಡದಾಡತೀರಿ?”

ಈಗ ಎರಡೂ ಕಡೆ ನಲವತ್ತೊಂದು. ಸಮಯ ಮುಗಿದಿತ್ತು. ಎದುರಾಳಿಯ ಪೆಟ್ಟು ತಿಂದು ಬಿದ್ದ ನಾಸಿಕದ ಆಟಗಾರ ಭುಜಂಗನ ಬದಲು ಇಳಿದವನು ಯಾರೂ ಅಡ್ಡಬರದ ಒಂದೇ ಒಂದು ಫ್ರೀ ಥ್ರೋ ಎಸೆಯಬೇಕು, ಚೆಂಡು ಬಿದ್ದರೆ ಅಲ್ಲಿಗೆ ಲೀಗೇ ಮುಗಿಯುತ್ತದೆ. ಬೆಂಚಿನಲ್ಲಿ ಉಳಿದವನು ವೈಜನಾಥ ಒಬ್ಬನೇ.

ಅವನಿಗೆ ಆ ಚೆಂಡು ಬೇಕಿತ್ತು. ಆದರೆ ಎಂಟನೆಯ ವಯಸ್ಸಿನಲ್ಲಿ ಲಿಂಗ ಕಟ್ಟಿಸಿ, ಮೈಯಿಂದ ಅದು ಅಗಲಿದರೆ ಪ್ರಾಣ ಅಗಲಿದಂತೆ ಎಂದು ಹೇಳಿದ್ದ ಅಪ್ಪ ಬೆನ್ನ ಹಿಂದೆಯೇ ಇದ್ದರು.

“ಆಗಂಗಿಲ್ರಿ ಅಪ್ಪಾ,” ಎಂದ. “ನಾ ಬಿಡತೀನ್ರಿ.”

ಗುರುಲಿಂಗಪ್ಪ ನಗು ನಿಲ್ಲಿಸಿ ಎದ್ದರು. ದಿನಾ ಬೆಳಿಗ್ಗೆ ಪೂಜೆಗೆ ಹಿಡಿಯುವ ಹಾಗೆ ಎಡಗೈಯ ಅಂಗೈ ಬಿಡಿಸಿ ಎದೆಮಟ್ಟಕ್ಕೆ ಹಿಡಿದರು. “ಕೊರಳಾಗ ಬ್ಯಾಡ ಅಂದಾನ. ಕೈಯಾಗ ಬ್ಯಾಡ ಅಂದಿಲ್ಲಲ್ಲ! ಒಂದೇ ಕೈಲೆ ಒಗಿ, ಮಗಾ.”

ಒಂಟಿಯಾಗಿ ನಿಂತು ಎಸೆಯುವವನ ಕೈ ಯಾರಿಗೆ ತಾಗೀತು? ವೈಜನಾಥ ಮರಾಠಿಯಲ್ಲಿ ಕೇಳಿದ್ದಕ್ಕೆ ರೆಫರಿ ಆಗಲಿ ಎಂದು ತಲೆಯಾಡಿಸಿದ.

ವೈಜನಾಥ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ಬರಿ ಕರಡಿಗೆಯನ್ನು ಅಪ್ಪನಿಗೆ ಕೊಟ್ಟ. ಗೆರೆಯ ಹತ್ತಿರ ನಿಂತು ಅಂಗೈಯನ್ನೇ ನೋಡಿದ. ಮೈದಾನದ ಗದ್ದಲ ಎಲ್ಲೋ ದೂರ ಸರಿಯಿತು. ಬೀದರಿನ ಮನೆಯ ನಡುಮನೆ, ಒದ್ದೆ ವಿಭೂತಿಯ ವಾಸನೆ, ಪಕ್ಕದಲ್ಲಿ ಅಪ್ಪನ ಉಸಿರು. ಬಲಗೈಯ ಚೆಂಡು ಇದೆಯೋ ಇಲ್ಲವೋ ಎನ್ನುವಷ್ಟು ಹಗುರಾಯಿತು. ಎಸೆದ.

ಚೆಂಡು ಕಬ್ಬಿಣದ ಬಳೆಯ ಮೇಲೆ ನಿಧಾನ ಒಂದು ಸುತ್ತು ಹಾಕಿ ಒಳಗೆ ಬಿತ್ತು. ನಾಸಿಕದವರು ಕೂಗುತ್ತ ನುಗ್ಗಿದರು.

ಗುರುಲಿಂಗಪ್ಪ ಅದನ್ನು ನೋಡಲಿಲ್ಲ. ಬಲಗೈಯಲ್ಲಿ ಬರಿ ಕರಡಿಗೆ ಹಿಡಿದು, ತಮ್ಮ ಖಾಲಿ ಎಡ ಅಂಗೈಯನ್ನು, ಅದರಲ್ಲಿ ಲಿಂಗವಿದ್ದಂತೆ, ಕಣ್ಣು ಮಿಟುಕಿಸದೆ ನೋಡುತ್ತ ಇನ್ನೂ ನಿಂತೇ ಇದ್ದರು.