ಕಿವಿ ಕೇಳುವ ತನಕ

ಐದನೆಯ ದಿನ ಹಾಲಸ್ವಾಮಿ ಕಣ್ಣು ಬಿಟ್ಟಾಗ ಸಂತೋಷಪಡುವುದಕ್ಕೂ ಪುಟ್ಟಲಕ್ಷ್ಮಿಯ ಮೈಯಲ್ಲಿ ತ್ರಾಣವಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನಲ್ಲಿ ಸೌದೆ ಕಡಿಯುತ್ತಿದ್ದ ಗಂಡನಿಗೆ ಮಲೇರಿಯಾ ಮಿದುಳಿಗೇರಿತ್ತು. ಪ್ರಜ್ಞೆ ತಪ್ಪಿದವನನ್ನು ಶಿವಮೊಗ್ಗದ ಆಸ್ಪತ್ರೆಗೆ ತಂದು ಹಾಕಿದ್ದರು. ಮೂರನೆಯ ದಿನ ಮೈದುನ ಸುದ್ದಿ ತಂದ. ಅತ್ತೆಯ ಹತ್ತಿರ ಬಿಟ್ಟು ಬಂದಿದ್ದ ನಾಲ್ಕು ವರ್ಷದ ಮಗಳು ಚೌಡಿ ಅದೇ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಮಣ್ಣು ಮಾಡಿಯೂ ಆಗಿತ್ತು. ಇತ್ತ ಗಂಡನಿಗೆ ಫಿಟ್ಸ್ ನಿಂತಿರಲಿಲ್ಲ. ಅವಳಿಗೆ ಎದ್ದು ಹೋಗಲೂ ಆಗಲಿಲ್ಲ, ಬಾಯಿಬಿಟ್ಟು ಅಳಲೂ ಆಗಲಿಲ್ಲ.

"ಚೌಡಿ ಎಲ್ಲೇ?" ಹಾಲಸ್ವಾಮಿ ಕೂಗಿದ. ಇಡೀ ವಾರ್ಡು ತಿರುಗಿ ನೋಡಿತು.

"ಮೆಲ್ಲಗೆ ಮಾತಾಡ್ರಿ."

ಅವನಿಗೆ ಕೇಳಿಸಲಿಲ್ಲ. ಕ್ವಿನೈನಿನಿಂದ ಕಿವಿ ಮಂದವಾಗಿದೆ, ಕೆಲವು ದಿನದಲ್ಲಿ ಸರಿಹೋಗುತ್ತದೆ, ಜೀವ ಉಳಿದದ್ದೇ ದೊಡ್ಡದು ಎಂದರು ಡಾಕ್ಟರು. ಪುಟ್ಟಲಕ್ಷ್ಮಿ ಅಂಗೈಯನ್ನು ಕೆನ್ನೆಗೆ ಆನಿಸಿ ತೋರಿಸಿದಳು: ಮಲಗಿದ್ದಾಳೆ. ಸುಳ್ಳಿಗೆ ಬಾಯಿಯೂ ಬೇಕಾಗಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ನೆಮ್ಮದಿಯೂ ಆಯಿತು.

ದಿನಾ ಬೆಳಿಗ್ಗೆ ಅದೇ ಕೂಗು, ಅದೇ ಅಂಗೈ. ಅವನು ಕಣ್ಣು ಬಿಟ್ಟ ನಾಲ್ಕನೆಯ ದಿನ ನೆಲ ಒರೆಸಲು ಬಂದ ಆಯಾ ಮಾಸ್ತಮ್ಮ, "ಗಂಡಂಗೆ ಹೇಳಿದ್ಯೇನೇ?" ಎಂದಳು.

ಹಾಲಸ್ವಾಮಿ ಗೋಡೆಯ ಕಡೆ ತಿರುಗಿ ಮಲಗಿದ್ದ.

"ಕೂಸು ಸತ್ತದ್ದನ್ನ ಊರಿಗೆಲ್ಲ ಕೇಳೋ ಹಾಗೆ ಕಿರುಚಿ ಹೇಳ್ಲಾ ಮಾಸ್ತಮ್ಮ? ಕಿವಿ ಕೇಳ್ಲಿ, ಆಮೇಲೆ ಹೇಳ್ತೀನಿ. ಅಲ್ಲೀತನಕ ಅವ್ರಿಗಾದ್ರೂ ಮಗಳಿರ್ಲಿ."

ಮರುದಿನ ಅವನು ಚೌಡಿ ಎಲ್ಲಿ ಎಂದು ಕೇಳಲಿಲ್ಲ. ಕೊಟ್ಟ ಗಂಜಿ ಕುಡಿದು ಸುಮ್ಮನೆ ಮಲಗಿದ. ಅದರ ಮರುದಿನವೂ ಕೇಳಲಿಲ್ಲ. ಅವತ್ತು ಡಾಕ್ಟರು ಅವನ ಬೆನ್ನ ಹಿಂದೆ ನಿಂತು ಚಮಚದಿಂದ ಲೋಟ ಬಡಿದರು. ಅವನು ಬೆಚ್ಚಿದ.

"ಕೇಳಿಸ್ತಲ್ಲಯ್ಯ! ಇನ್ನೇನು, ಮನೆಗೆ ಹೋಗ್ಬಹುದು," ಎಂದು ಡಾಕ್ಟರು ಮುಂದಿನ ಮಂಚಕ್ಕೆ ನಡೆದರು.

ಪುಟ್ಟಲಕ್ಷ್ಮಿ ಮಂಚದ ಅಂಚಿಗೆ ಬಂದು ಕೂತಳು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ಏನ್ರೀ... ಚೌಡಿ..." ಎಂದಳು.

ಹಾಲಸ್ವಾಮಿ ಅವಳ ಅಂಗೈ ಹಿಡಿದುಕೊಂಡ. "ಬೇಡ ಮಾರಾಯ್ತಿ," ಎಂದ, ಮೆಲ್ಲಗೆ. "ಮಾಸ್ತಮ್ಮಂಗೆ ಹೇಳಿದ್ಯಲ್ಲ, ಮೊನ್ನೆ. ಕೇಳಿಸ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ನಂಗೆ ಕೇಳಿಸ್ತದೆ ಅಂದ್ರೆ ನೀನು ಹೇಳ್ಬೇಕಾಗ್ತಿತ್ತಲ್ಲ."

ಪುಟ್ಟಲಕ್ಷ್ಮಿ ಆಗ ಅತ್ತಳು. ಇಡೀ ವಾರ್ಡು ತಿರುಗಿ ನೋಡಿತು.