ಏಳನೇ ಪುಟ

"ಕೈ ತೊಳ್ಕೊಂಡು ಬಾರಲೇ ಬೋಳಿಮಗನ! ಹೇಲು ಬಳದ ಕೈಲೆ ನನ್ನ ಕಾಗದ ಮುಟ್ತೀಯೇನು?"

ಜನಾರ್ದನ ರಾವ್ ಡಾಕ್ಟರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಹೆಂಗಸರ ವಾರ್ಡಿನ ಪಾಯಿಖಾನೆ ತೊಳೆಯುತ್ತಿದ್ದವನು ಪೊರಕೆ ಅಲ್ಲೇ ಬಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಓಡಿದೆ. ಯಾಕೆ ಕರೆದರೆಂದು ಗೊತ್ತಿತ್ತು. ಸಹಿ ಹಾಕುವುದಕ್ಕೆ.

ಗೋದಾವರಿ ದಂಡೆಯ ನಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ಆ ವರ್ಷ ಒಂದು ಪರೀಕ್ಷೆ ನಡೆದಿತ್ತು. ಅಪೆಂಡಿಕ್ಸ್ ಊದಿಕೊಂಡವರಿಗೆ ಹೊಟ್ಟೆ ಕೊಯ್ದು ತೆಗೆಯುವುದು ಮೇಲೋ, ಬರೀ ಔಷಧದಲ್ಲಿ ಗುಣಮಾಡುವುದು ಮೇಲೋ ಎಂದು ಹೈದರಾಬಾದಿನವರಿಗೆ ತಿಳಿಯಬೇಕಿತ್ತಂತೆ. ಯಾರಿಗೆ ಚಾಕು, ಯಾರಿಗೆ ಗುಳಿಗೆ ಎಂದು ಡಾಕ್ಟರು ಆರಿಸುವಂತಿಲ್ಲ. ಅಂಟಿಸಿದ ಲಕೋಟೆ ಒಡೆದು, ಅದರಲ್ಲಿ ಬಂದದ್ದನ್ನು ಮಾಡಬೇಕು. ರೋಗಿಗೆ ಓದು ಬಾರದಿದ್ದರೆ ಹನ್ನೆರಡು ಪುಟದ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಓದಿ ಹೇಳಿದ್ದು ನಿಜ ಎಂದು ಹೊರಗಿನವನೊಬ್ಬ ಸಾಕ್ಷಿ ಹಾಕಬೇಕು. ಆ ಹೊರಗಿನವನು ನಾನು. ಗುತ್ತಿಗೆಯ ಜಾಡಮಾಲಿ, ಮಾದಿಗರ ಕೊಮುರಯ್ಯ, ಹತ್ತನೇ ಇಯತ್ತೆ ಪಾಸು.

ಡಾಕ್ಟರು ಓದಿ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಆದರೂ ಸಹಿ ಹಾಕಿದೆ. ಹೆದರಿಕೊಂಡು ಹಾಕಿದೆ ಅಂದರೆ ಅರ್ಧ ಸುಳ್ಳಾಗುತ್ತದೆ. ಆ ಕೋಣೆಯಲ್ಲಿ ಸಹಿ ಹಾಕುವಾಗ ಮಾತ್ರ ನನಗೆ ಕುರ್ಚಿ ಸಿಗುತ್ತಿತ್ತು. ನನ್ನ ಹೆಸರು ಹೊತ್ತ ಕಾಗದ ಹೈದರಾಬಾದಿಗೆ ಹೋಗುತ್ತದೆಂದು ಮನೆಯಲ್ಲಿ ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದೆ.

ರಾಜವ್ವ ಬಂದದ್ದು ಶ್ರಾವಣದಲ್ಲಿ. ಬೀಡಿ ಸುತ್ತುವ ಹುಡುಗಿ, ನಮ್ಮವಳೇ. ಹೊಟ್ಟೆಯ ಬಲಗಡೆ ಹಿಡಿದುಕೊಂಡು ಬಾಗಿಯೇ ನಿಂತಿದ್ದಳು. ಜೊತೆಗೆ ತಾಯಿ ಪೋಶವ್ವ.

"ಸರ್, ಇದರಾಗ ಏನ್ ಬರದೈತ್ರಿ?" ಎಂದು ರಾಜವ್ವ ಕೇಳಿದಳು.

"ನಿನ್ನ ಮದುವಿ ಕಾಗದ! ಒತ್ತು ಅಂದ್ರ ಒತ್ತಬೇಕು. ಹನ್ನೆರಡು ಪುಟ ಓದ್ಕೊಂತ ಕುಂತ್ರ ಹೊರಗಿನ ಮಂದೀನ ನಿಮ್ಮಪ್ಪ ನೋಡ್ತಾನೇನು?"

ಅವಳು ನನ್ನ ಕಡೆ ತಿರುಗಿದಳು. "ಅಣ್ಣಾ, ಒತ್ತಲೇನು?"

ನಾನು ತಲೆಯಾಡಿಸಿದೆ. ಒತ್ತಿದಳು. ನಾನೂ ಸಹಿ ಹಾಕಿದೆ. ಡಾಕ್ಟರು ಲಕೋಟೆ ಒಡೆದರು.

"ಗುಳಿಗಿ ಬಂತು ನೋಡು. ನಿನ್ನ ಹಣ್ಯಾಗ ಕೊಯ್ಯೂದು ಬರದಿಲ್ಲ. ನಡಿ."

ಆ ನೋವಿನಲ್ಲೂ ಅವಳು ನಕ್ಕಳು. ಹೊಟ್ಟೆಯ ಮೇಲೆ ಗಾಯವಿದ್ದವಳನ್ನು ಯಾರು ಮದುವೆಯಾಗುತ್ತಾರೆಂದು ತಾಯಿಗೆ ಚಿಂತೆಯಿತ್ತು. ಪೋಶವ್ವ ಲಕೋಟೆಗೆ ಕೈ ಮುಗಿದಳು. ನಾಲ್ಕನೇ ದಿನ ಗುಳಿಗೆಯ ಪೊಟ್ಟಣ ಕೊಟ್ಟು ಊರಿಗೆ ಕಳಿಸಿದರು. ರೋಗಿಗೆ ಕೊಡಬೇಕಾದ ಒಪ್ಪಿಗೆ ಪತ್ರದ ಪ್ರತಿ ಎಂದಿನಂತೆ ಕಪಾಟಿನಲ್ಲೇ ಉಳಿಯಿತು.

ಆ ಕಾಗದವನ್ನು ನಾನು ಓದಿದ್ದೆ. ಡಾಕ್ಟರು ಊಟಕ್ಕೆ ಹೋದಾಗ ಕೋಣೆ ಗುಡಿಸುತ್ತ, ಹೊತ್ತು ಹೋಗದೆ ಒಂದು ದಿನ ಎಲ್ಲವನ್ನೂ ಓದಿದ್ದೆ. ಏಳನೇ ಪುಟದಲ್ಲಿ ಏನಿದೆಯೆಂದು ಚೆನ್ನಾಗಿ ಗೊತ್ತಿತ್ತು. ಗೇಟಿನವರೆಗೂ ಅವರ ಗಂಟು ಹೊತ್ತುಕೊಂಡು ಹೋದವನು ಅದನ್ನೊಂದು ಹೇಳಲಿಲ್ಲ. ಡಾಕ್ಟರ ಕೆಲಸ, ನನಗ್ಯಾಕೆ ಉಸಾಬರಿ ಅಂದುಕೊಂಡೆ. ಅನ್ನ ತಿನ್ನುವ ಬಾಯಿಗೆ ಆಗ ಏನಾಗಿತ್ತೋ.

ಹದಿಮೂರು ದಿನಕ್ಕೆ ರಾಜವ್ವನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಒಳಗೆ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು. ಮರುದಿನ ಹೋದಳು. ಅವಳು ಮಲಗಿದ್ದ ಮಂಚವನ್ನು ತೊಳೆದವನೂ ನಾನೇ.

ಪೋಶವ್ವ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. "ಐದು ದಿನ ನೋವು ತಿಂದ್ಳೋ ತಮ್ಮಾ. ದವಾಖಾನಿಗೆ ಹೋಗೂನು ನಡಿಯೇ ಅಂದೆ. 'ಬ್ಯಾಡವ್ವಾ, ಲಕೋಟ್ಯಾಗ ನನಗ ಕೊಯ್ಯೂದು ಬಂದಿಲ್ಲ, ಹೋದ್ರ ಬೈದು ಅಟ್ತಾರ' ಅಂದ್ಳು. ನಾನೂ ಕೇಳಿ ಸುಮ್ನಾದೆ. ಓಮಿನ ಕಷಾಯ ಕುಡಿಸ್ದೆ, ಹೊಟ್ಟಿಗೆ ಕಾವು ಕೊಟ್ಟೆ. ಊರವರು 'ನೀನ ಕೊಂದಿ' ಅಂತಾರ. ಖರೇನ ಅದ, ನಾನ ಕೊಂದೆ."

ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ನನ್ನ ಗಂಡಸುತನಕ್ಕೆ ಬೆಂಕಿ ಬೀಳಲಿ.

ಹೈದರಾಬಾದಿನಿಂದ ತನಿಖೆಗೆ ಬರುತ್ತಾರೆಂಬ ಸುದ್ದಿ ಬಂದದ್ದೇ ಪೋಶವ್ವನಿಗೆ ಕರೆ ಹೋಯಿತು. ನನಗೂ ಬಂತು. ಡಾಕ್ಟರ ಮೇಜಿನ ಮೇಲೆ ಹೊಸ ಹಾಳೆ ಇತ್ತು. ನೋವು ಮರಳಿದರೆ ಬರಬೇಕೆಂದು ಮೊದಲೇ ತಿಳಿಸಿದ್ದೆವು, ಮನೆಯವರೇ ತಡಮಾಡಿದರು ಎಂದು ಅದರಲ್ಲಿತ್ತು. ಕೆಳಗೆ ತಾಯಿಯ ಹೆಬ್ಬೆಟ್ಟಿಗೊಂದು, ಸಾಕ್ಷಿಗೊಂದು ಜಾಗ.

"ತಡ ಮಾಡಿದಿ ಹೌದಲ್ಲೇ ಮುದುಕಿ?" ಎಂದರು ಡಾಕ್ಟರು.

"ಹೌದು ದೊರಿ. ತಪ್ಪು ನಂದ. ಎಲ್ಲಿ ಒತ್ತಲಿ?"

ಅವಳೇ ಹೆಬ್ಬೆರಳನ್ನು ಶಾಯಿಗೆ ಅದ್ದಿದಳು. ಅದು ಕಾಗದಕ್ಕೆ ತಾಗುವ ಮೊದಲು ನಾನು ಅವಳ ಮಣಿಕಟ್ಟು ಹಿಡಿದೆ.

"ಒತ್ತಬ್ಯಾಡವ್ವಾ."

"ಏನಲೇ ಮಾದಿಗ್ಯಾ, ಸೊಕ್ಕೇನು? ಓದಿ ಹೇಳ್ಯಾರ ಅಂತ ನಿಂದ ಸಹಿ ಅದ. ಜೈಲಿಗೆ ಮೊದ್ಲು ನೀನ ಹೋಗ್ತಿ!"

"ಹೋಗ್ತೀನ್ರಿ."

ಕಪಾಟು ತೆಗೆದು ರಾಜವ್ವನ ಪ್ರತಿ ಹುಡುಕಿ, ಏಳನೇ ಪುಟ ಗಟ್ಟಿಯಾಗಿ ಓದಿದೆ. ಗುಳಿಗೆ ಬಂದವರಿಗೆ ನೋವು ಅಥವಾ ಜ್ವರ ಮರಳಿದರೆ ಹಗಲಿರಲಿ ರಾತ್ರಿಯಿರಲಿ ಕೂಡಲೇ ಬರಬೇಕು. ಗಾಡಿ ನಾವೇ ಕಳಿಸುತ್ತೇವೆ. ಆಗ ಲಕೋಟೆಯಲ್ಲಿ ಏನೇ ಬಂದಿದ್ದರೂ ಆಪರೇಷನ್ ಮಾಡುತ್ತೇವೆ.

ಪೋಶವ್ವ ಶಾಯಿ ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಇದು ಆವತ್ತೂ ಇತ್ತೇನು?"

"ಇತ್ತವ್ವಾ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳು ನನ್ನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ನಾನು ಕೈ ಅಡ್ಡ ತರಲಿಲ್ಲ. ಡಾಕ್ಟರು ವಾಚ್‌ಮನ್‌ಗೆ ಕೂಗಿದರು. ಸರದಿಯಲ್ಲಿದ್ದ ರೋಗಿಗಳು ಬಾಗಿಲಿಗೆ ಬಂದು ನೆರೆದರು. ವಾಚ್‌ಮನ್ ಬಂದು ನನ್ನ ರಟ್ಟೆ ಹಿಡಿದ. ಪೋಶವ್ವ ಅವನನ್ನು ಆಚೆ ನೂಕಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಒಂದನೇ ಪುಟದಿಂದ ಓದೋ ಭಾಡ್ಯಾ. ನನ್ನ ಮಗಳಿಗೆ ಓದಲಿಲ್ಲ. ನನಗ ಓದು."