ಕಡೇ ಸುತ್ತಿನಲ್ಲಿ ಪಕ್ಕಕ್ಕೆ ಬಾರದವನು

ನೆಲ್ಡಾ ಕ್ರಂಪ್ ಮೂರು ದಿನದಿಂದ ಯಾರ ಜೊತೆಗೂ ನೆಟ್ಟಗೆ ಮಾತಾಡಿರಲಿಲ್ಲ. ಭಾನುವಾರ ಟಾಲಡೇಗಾದ ಕಾರ್ ರೇಸಿನಲ್ಲಿ ಅವಳ ಮೆಚ್ಚಿನ ಹುಡುಗ, ಐವತ್ತೇಳನೇ ನಂಬರಿನ ಕೋಲ್ಬಿ ರೇನ್ಸ್, ಕಡೇ ಸುತ್ತಿನಲ್ಲಿ ಎರಡನೆಯವನಾಗಿ ಓಡುತ್ತಿದ್ದ. ಮುಂದಿದ್ದದ್ದು ಅವನ ತಂಡದ್ದೇ ಇನ್ನೊಂದು ಕಾರು. ಮುಂದಿನ ಕಾರು ಗಾಳಿ ಸೀಳಿಕೊಟ್ಟರೆ ಹಿಂದಿನದಕ್ಕೆ ವೇಗ ಕೂಡುತ್ತದೆ. ಆ ವೇಗ ಇಟ್ಟುಕೊಂಡು ಕೊನೆಗೆ ಪಕ್ಕಕ್ಕೆ ಚಿಮ್ಮಿ ಮುಂದೆ ಹೋಗಬೇಕು. ಕೋಲ್ಬಿ ಚಿಮ್ಮಲಿಲ್ಲ. ಮುಂದಿನವನ ಕಾರಿನ ಬೆನ್ನಿಗೆ ತನ್ನ ಕಾರಿನ ಮೂತಿ ಒತ್ತಿ, ಗೆಲುವಿನ ಗೆರೆಯವರೆಗೂ ತಳ್ಳಿ, ಅವನನ್ನೇ ಗೆಲ್ಲಿಸಿದ.

"ಅಕ್ಕಾ, ಪಕ್ಕಕ್ಕೆ ಬಂದಿದ್ರೆ ಇವನನ್ನ ಹಿಂದಿಂದ ತಳ್ಳೋರು ಯಾರೂ ಇರ್ಲಿಲ್ಲ," ಅಂದಿದ್ದ ತಮ್ಮ ಹೋಯ್ಟ್. "ಗಾಳಿಗೆ ಸಿಕ್ಕಿ ಇಪ್ಪತ್ತನೇ ಜಾಗಕ್ಕೆ ಬೀಳ್ತಿದ್ದ."

"ಬಾಯ್ಮುಚ್ಚು! ಇಪ್ಪತ್ತೇಳು ವರ್ಷದಿಂದ ಸ್ಕೂಲ್ ಬಸ್ ಓಡಿಸ್ತಿದೀನಿ. ಮರದ ದಿಮ್ಮಿ ಲಾರಿ ಹಿಂದೆ ಗಾಳಿ ಹೇಗೆ ಎಳ್ಕೊಳುತ್ತೆ ಅಂತ ನಿನ್ನಿಂದ ಕಲೀಬೇಕಾ? ಇನ್ನೊಬ್ಬರ ಹಿಂದೆ ಹೋಗೋದು ನಂಗೂ ಬರುತ್ತೆ. ಅದನ್ನ ನೋಡೋಕೆ ಟಿಕೆಟ್ ಯಾಕೆ?"

ಬುಧವಾರ ಆನಿಸ್ಟನ್ ಊರಿನ ಟೈರ್ ಅಂಗಡಿಯೊಂದಕ್ಕೆ ಕೋಲ್ಬಿ ಅಭಿಮಾನಿಗಳಿಗೆ ಸಹಿ ಹಾಕಿಕೊಡಲು ಬಂದ. ನೆಲ್ಡಾ ಬೆಳಗಿನ ಮಕ್ಕಳನ್ನು ಇಳಿಸಿದವಳೇ ಹೋಗಿ ಸಾಲಿನಲ್ಲಿ ನಿಂತಳು. ಜೊತೆಗೆ ಬಂದಿದ್ದ ಹೋಯ್ಟ್ ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ, "ಅಕ್ಕಾ, ಮರ್ಯಾದೆ ತೆಗೀಬೇಡ," ಎಂದು ಗೊಣಗುತ್ತಲೇ ಇದ್ದ.

ಹತ್ತಿರದಿಂದ ನೋಡಿದರೆ ಕೋಲ್ಬಿಯದು ಇನ್ನೂ ಎಳೆ ಮುಖ. ಪೆನ್ನು ಎತ್ತಿ, "ಯಾರ ಹೆಸರಿಗೆ ಬರೀಲಿ ಅಮ್ಮಾ?" ಅಂದ.

"ಏನೂ ಬರೀಬೇಡ. ಯಾಕೆ ಪಕ್ಕಕ್ಕೆ ಬರ್ಲಿಲ್ಲ, ಅದನ್ನ ಹೇಳು."

ಅವನು ಫೋಟೋಗೆ ನಗುವ ಹಾಗೆ ನಕ್ಕ. "ತಂಡ ಗೆಲ್ತಲ್ಲಮ್ಮ..."

"ತಂಡ ನೋಡೋಕೆ ನಾನು ನಾಲ್ಕು ಗಂಟೆ ಬಿಸಿಲಲ್ಲಿ ಬೇಯ್ಲಿಲ್ಲ ಮಗನೇ! ಇಪ್ಪತ್ತನೇ ಜಾಗಕ್ಕೆ ಬಿದ್ದಿದ್ರೂ ಎದ್ದು ನಿಂತು ಚಪ್ಪಾಳೆ ಹೊಡೀತಿದ್ದೆ. ಒಂದ್ಸಲ ನೋಡೇ ಬಿಡೋಣ ಅಂತ ಅನ್ನಿಸ್ಲೇ ಇಲ್ವಾ? ನಾಚ್ಕೆ ಆಗ್ಲಿಲ್ವಾ?"

ತಂಡದ ಕಡೆಯ ಹೆಂಗಸೊಬ್ಬಳು ಮುಂದೆ ಬಂದಳು. ಕೋಲ್ಬಿ ಕೈ ಎತ್ತಿ ಅವಳನ್ನು ತಡೆದ. ಮುಖದಲ್ಲಿ ನಗು ಇರಲಿಲ್ಲ. ಮೇಜಿನ ಮೇಲೆ ಬಾಗಿ ಸಣ್ಣ ದನಿಯಲ್ಲಿ ಹೇಳಿದ: "ಮೂರನೇ ತಿರುವಲ್ಲಿ ಸ್ಟೀರಿಂಗ್ ತಿರುಗಿಸೋಕೆ ಶುರು ಮಾಡಿದ್ದೆ ಅಮ್ಮಾ. ಕಾರಿನ ರೇಡಿಯೋದಲ್ಲಿ ತಂಡದವರು 'ಅಲ್ಲೇ ಇರು' ಅಂದ್ರು. ಎರಡು ಸಲ ಅಂದ್ರು. ಇದ್ಬಿಟ್ಟೆ."

"ಯಾರು ಅಂದಿದ್ದು?"

ಅವನು ಹೆಂಗಸಿನತ್ತ ಒಮ್ಮೆ ನೋಡಿ ಕಣ್ಣು ತಗ್ಗಿಸಿದ.

ನೆಲ್ಡಾಳ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು. ಇಷ್ಟು ದಿನ ಬೈಯಲು ಕಣ್ಣೆದುರು ಒಂದು ಮುಖವಾದರೂ ಇತ್ತು; ಈಗ ಅದೂ ಇಲ್ಲ.

"ಕಾರೊಳಗೆ ಕೂತಿದ್ದೋನು ನೀನು," ಅಂದಳು. "ಅವರಲ್ಲ."

"ಹೌದಮ್ಮಾ," ಅಂದ ಕೋಲ್ಬಿ.

ಹೊರಗೆ ಬಂದ ಮೇಲೆ ಹೋಯ್ಟ್ ಕೇಳಿದ: "ಈಗ ಸಮಾಧಾನ ಆಯ್ತಾ?"

"ಎಲ್ಲಿಂದ ಆಗುತ್ತೆ? ಆ ರೇಡಿಯೋದಲ್ಲಿ ಮಾತಾಡೋರನ್ನ ಕೇಳೋಕೆ ಯಾವ ಅಂಗಡೀಲಿ ಸಾಲು ನಿಲ್ಬೇಕು, ಅದನ್ನ ಹೇಳು ನೀನು," ಎಂದು ನೆಲ್ಡಾ ಗಾಡಿಯ ಬಾಗಿಲನ್ನು ದಡಾರನೆ ಎಳೆದುಕೊಂಡಳು.